ಕೂಲಿಯವರ ಮಕ್ಕಳಿಗೆ ನಕ್ಷತ್ರ ಯಾಕೆ ಎಂದು ಕೇಳುವವರಿಗೆ



ಕಳೆದ ಮಳೆಗಾಲದಲ್ಲಿ ನಮ್ಮ ಓದುವ ಕೋಣೆಗೆ ಒಂದು ಪೆಟ್ಟಿಗೆ ಪುಸ್ತಕ ಬಂತು. ಮಡಗಾಂವಿನಲ್ಲಿ ಒಬ್ಬ ನಿವೃತ್ತ ಮಾಸ್ತರರು ತೀರಿಕೊಂಡ ಮೇಲೆ ಅವರ ಮನೆಯವರು ಅದನ್ನು ನಮಗೆ ಕೊಟ್ಟರು. ಓದುವ ಕೋಣೆ ಎಂದರೆ ದೊಡ್ಡದೇನಲ್ಲ. ಹೆಂಚಿನ ಮಾಡು, ಎರಡು ಬೆಂಚು, ಒಂದು ಟ್ಯೂಬ್‌ಲೈಟು, ಒಂದು ಕಪಾಟು. ಪೆಟ್ಟಿಗೆ ಬಿಚ್ಚಿದಾಗ ಸೂರ್ಯ, ಗ್ರಹ, ನಕ್ಷತ್ರಗಳ ವಿಷಯದ ನಾಲ್ಕಾರು ಪುಸ್ತಕ, ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಕಾದಂಬರಿಗಳು, ಗಿರಣಿ, ರೈಲು, ಗಣಿಗಳು ಹುಟ್ಟಿ ಬಂದ ಚರಿತ್ರೆಯ ಎರಡು ದಪ್ಪ ಪುಸ್ತಕ ಸಿಕ್ಕವು.

ಆ ಭಾನುವಾರ ಬಲಿಪೂಜೆ ಮುಗಿದ ಮೇಲೆ ಸಮಿತಿ ಕೂತಿತು. ಮೂರು ಮಾತು ಬಂದವು. ಪೂಜೆಗೆ ತಪ್ಪದೆ ಬರುವ ಹಿರಿಯರೊಬ್ಬರು, ನಕ್ಷತ್ರದ ಪುಸ್ತಕ ಮಕ್ಕಳ ವಿಶ್ವಾಸ ಕೆಡಿಸುತ್ತದೆ ಎಂದರು. ಎರಡನೆಯವರು ನಮ್ಮ ಯೂನಿಯನ್ನಿನವರೇ. ಹೊಟ್ಟೆಗಿಲ್ಲದವನಿಗೆ ಹಳೇ ಗಿರಣಿಯ ಕಥೆ ಕಟ್ಟಿಕೊಂಡು ಏನಾಗಬೇಕು, ಆ ಜಾಗದಲ್ಲಿ ಪರೀಕ್ಷೆಯ ಗೈಡು, ಹೊಲಿಗೆಯ ಪುಸ್ತಕ ಇಡಿ ಎಂದರು. ಮೂರನೆಯವರು ನಕ್ಕು, ಇಂಗ್ಲಿಷ್ ಕಾದಂಬರಿ ದೊರೆಗಳ ಓದು, ನಮ್ಮ ಲೈನಿನವರ ತಲೆಗೆ ಅದು ಹತ್ತುವುದಿಲ್ಲ, ಗುಜರಿಯವನಿಗೆ ತೂಕಕ್ಕೆ ಹಾಕಿ ಎಂದರು.

ಅಷ್ಟರಲ್ಲಿ ಬಾಗಿಲ ಹತ್ತಿರ ನಿಂತಿದ್ದ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ನಕ್ಷತ್ರದ ಪುಸ್ತಕ ಎತ್ತಿಕೊಂಡು ಚಿತ್ರ ನೋಡುತ್ತಿದ್ದಳು. ಅವಳ ಕೈಯಿಂದ ಅದನ್ನು ತೆಗೆದು ಪೆಟ್ಟಿಗೆಗೆ ಹಾಕಿದರು. ಪೆಟ್ಟಿಗೆ ಬೆಂಚಿನ ಕೆಳಗೆ ಹೋಯಿತು. ಇಂದಿಗೂ ಅಲ್ಲೇ ಇದೆ.

ನಾವು ಅಲ್ಲೇ ಇದ್ದೆವು, ಸುಮ್ಮನಿದ್ದೆವು. ನಾವು ಈ ಧರ್ಮಕೇಂದ್ರದ ಉಪದೇಶಿ. ವಾರಕ್ಕೆ ಎರಡು ಸಂಜೆ ಯೂನಿಯನ್ನಿನ ಚಂದಾ ಪುಸ್ತಕ ಹಿಡಿದು ಲೈನಿನಿಂದ ಲೈನಿಗೆ ತಿರುಗುವವರು. ನಮ್ಮ ಓದು ಎಸ್.ಎಸ್.ಎಲ್.ಸಿ.ಗೆ ನಿಂತಿತು. ಹಿರಿಯರ ಎದುರು ಬಾಯಿ ಬರಲಿಲ್ಲ. ಆ ತಪ್ಪನ್ನು ತಿದ್ದಿಕೊಳ್ಳಲು ಇಲ್ಲಿ ಬರೆಯುತ್ತಿದ್ದೇವೆ. ಬರುವ ತಿಂಗಳು ಸಮಿತಿ ಮತ್ತೆ ಕೂರುವ ಮೊದಲು ಮೂರು ಮಾತಿಗೂ ಉತ್ತರ ಹೇಳಿಬಿಡುತ್ತೇವೆ.

ಮೊದಲನೆಯದು ವಿಶ್ವಾಸದ ಮಾತು. ಹಿರಿಯರ ಭಯ ಸುಳ್ಳಲ್ಲ, ಅವರನ್ನು ಹಾಸ್ಯ ಮಾಡುವುದಿಲ್ಲ. ಆದರೆ ಆಕಾಶ ನೋಡಿದವರನ್ನು ಹೆದರಿಸಿ ಧರ್ಮಸಭೆ ಏನು ಗಳಿಸಿತು? ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದ ಗೆಲಿಲಿಯೋಗೆ 1633ರಲ್ಲಿ ರೋಮಿನಲ್ಲಿ ಶಿಕ್ಷೆಯಾಯಿತು. ಅದು ತಪ್ಪಾಗಿತ್ತೆಂದು 1992ರಲ್ಲಿ ಎರಡನೇ ಜಾನ್ ಪೌಲ್ ಜಗದ್ಗುರುಗಳೇ ಒಪ್ಪಿಕೊಂಡರು. ತಪ್ಪೊಪ್ಪಿಕೊಳ್ಳಲು 350ಕ್ಕೂ ಹೆಚ್ಚು ವರ್ಷ ಬೇಕಾಯಿತು. ನಮ್ಮ ಓದುವ ಕೋಣೆ ಅದೇ ದಾರಿಯನ್ನು ಮತ್ತೆ ಮೊದಲಿಂದ ನಡೆಯಬೇಕೇ?

ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಲೆಕ್ಕ ಹಾಕಿ ಬರೆದವರಲ್ಲಿ ಒಬ್ಬರು ಜಾರ್ಜ್ ಲಮೇತ್ರ್. ಇಡೀ ವಿಶ್ವ ಒಂದು ಅಣುವಿನಂಥ ಸ್ಥಿತಿಯಿಂದ ಹೊರಟಿತು ಎಂಬ ಊಹೆಯನ್ನು 1931ರಲ್ಲಿ ಮುಂದಿಟ್ಟವರೂ ಅವರೇ. ಇಂದು ಶಾಲೆಯ ಪುಸ್ತಕದಲ್ಲಿ ಮಹಾಸ್ಫೋಟ ಎಂದು ಓದುತ್ತೇವಲ್ಲ, ಅದರ ಬೀಜ ಅದು. ಅವರು ಕಥೋಲಿಕ ಗುರುಗಳು, ಬೆಲ್ಜಿಯಮ್ಮಿನ ಕಲ್ಲಿದ್ದಲು ಗಣಿಗಳ ಊರಾದ ಶಾರ್ಲರುವಾದಲ್ಲಿ ಹುಟ್ಟಿದವರು. ಪೂಜೆಯನ್ನೂ ಮಾಡಿದರು, ನಕ್ಷತ್ರದ ಲೆಕ್ಕವನ್ನೂ ಮಾಡಿದರು. ಅವರ ವಿಶ್ವಾಸಕ್ಕೆ ತಾಗದ ಕೇಡು ನಮ್ಮ ಏಳನೇ ಕ್ಲಾಸಿನ ಹುಡುಗಿಗೆ ತಾಗುತ್ತದೆಯೇ?

ಇನ್ನೂ ಒಂದು ಮಾತು ಕೇಳಿ. 1891ರಲ್ಲಿ ಹದಿಮೂರನೇ ಲಿಯೋ ಜಗದ್ಗುರುಗಳು ಕಾರ್ಮಿಕರ ನ್ಯಾಯವಾದ ಕೂಲಿ, ಸಂಘ ಕಟ್ಟುವ ಹಕ್ಕುಗಳ ಬಗ್ಗೆ 'ರೇರುಂ ನೊವಾರುಂ' ಎಂಬ ವಿಶ್ವಪತ್ರ ಹೊರಡಿಸಿದರು. ಯೂನಿಯನ್ ಸಭೆಗಳಲ್ಲಿ ನಾವು ಮತ್ತೆ ಮತ್ತೆ ಅದರ ಹೆಸರು ಹೇಳುತ್ತೇವೆ. ಅದೇ 1891ರಲ್ಲಿ, ಅದಕ್ಕೆ ಎರಡು ತಿಂಗಳ ಮುಂಚೆ, ಅದೇ ಜಗದ್ಗುರುಗಳು ವ್ಯಾಟಿಕನ್ನಿನ ನಕ್ಷತ್ರ ವೀಕ್ಷಣಾಲಯವನ್ನು ಹೊಸದಾಗಿ ಸ್ಥಾಪಿಸಿದರು. ಕೂಲಿಯ ಮಾತು, ನಕ್ಷತ್ರದ ಮಾತು ಒಂದೇ ವರ್ಷ ಒಂದೇ ಕೈಯಿಂದ ಬಂದವು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬೆಂಚಿನ ಕೆಳಗೆ ತಳ್ಳಲು ನಾವು ಯಾರು?

ಆ ಪುಸ್ತಕದಲ್ಲಿ ಇರುವುದಾದರೂ ಏನು? ಸೂರ್ಯನ ಬೆಳಕು ನಮ್ಮನ್ನು ಮುಟ್ಟಲು 8 ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಲುಬ್ಧಕ ನಕ್ಷತ್ರದ ಬೆಳಕಿಗೆ 8 ವರ್ಷಕ್ಕೂ ಮಿಕ್ಕಿ ಬೇಕು. ಕಬ್ಬಿಣ ಹುಟ್ಟುವುದು ನಕ್ಷತ್ರದ ಒಡಲಿನಲ್ಲಿ. ನಕ್ಷತ್ರ ಸಿಡಿದಾಗ ಅದು ಹೊರಗೆ ಚೆಲ್ಲುತ್ತದೆ. ಡಿಚೋಲಿ, ಸತ್ತರಿ, ಸಾಂಗೆ ಕಡೆಯ ಗಣಿಗಳಲ್ಲಿ ನಮ್ಮವರು ಅಗೆದು ಲಾರಿಗೆ ತುಂಬಿದ ಅದಿರಿನ ಕಬ್ಬಿಣ ಅಲ್ಲಿಂದ ಬಂದದ್ದು, ನಮ್ಮ ರಕ್ತದ ಕಬ್ಬಿಣವೂ ಅಲ್ಲಿಂದಲೇ. ಚೆಕ್‌ರೋಲಿನಲ್ಲಿ ಬರೀ ನಂಬರಾಗಿರುವ ಮನುಷ್ಯನಿಗೆ ಇದು ಗೊತ್ತಾದರೆ ಅವನು ದೇವರಿಂದ ದೂರ ಹೋಗುವುದಿಲ್ಲ, ತಲೆ ಎತ್ತುತ್ತಾನೆ. ಕೆಲವರಿಗೆ ಭಯ ಇರುವುದು ಅದರದೇ ಇರಬೇಕು.

ಎರಡನೆಯದು ಹೊಟ್ಟೆಯ ಮಾತು. ಗೈಡು ಬೇಡ ಎಂದು ನಾವು ಹೇಳುವುದಿಲ್ಲ. ಗೈಡೂ ಇರಲಿ, ಹೊಲಿಗೆಯ ಪುಸ್ತಕವೂ ಇರಲಿ. ಆದರೆ ಕೈಗಾರಿಕೆಯ ಚರಿತ್ರೆ ಹೊಟ್ಟೆಗೆ ಸಂಬಂಧವಿಲ್ಲದ ಕಥೆ ಎಂದು ಯೂನಿಯನ್ನಿನವರೇ ಹೇಳಿದರೆ ಹೇಗೆ?

ನಮ್ಮಲ್ಲಿ ಹೆಚ್ಚಿನವರು ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆಯಿಂದ ಲೋಂಡಾ ಹಾಯ್ದು ರೈಲಿನಲ್ಲಿ ಬಂದವರು. ಕ್ಯಾಸಲ್‌ರಾಕ್ ಇಳಿಯುವಾಗ ದೂಧಸಾಗರ ಬಂತೆಂದು ಮಕ್ಕಳನ್ನು ಕಿಟಕಿಗೆ ಎತ್ತಿ ಹಿಡಿದಿದ್ದೇವೆ. ಬ್ರಿಟಿಷರೂ ಪೋರ್ಚುಗೀಸರೂ 1878ರಲ್ಲಿ ಒಪ್ಪಂದ ಮಾಡಿಕೊಂಡ ಮೇಲೆ ಮುರಗಾಂವ್ ಬಂದರಿನಿಂದ ಘಟ್ಟ ಹತ್ತಿಸಿ ಹಾಕಿದ ದಾರಿ ಅದು. ಆ ಸುರಂಗ ಕೊರೆದವರು ಯಾರು? ಒಪ್ಪಂದಕ್ಕೆ ಸಹಿ ಹಾಕಿದವರ ಹೆಸರು ಕಾಗದದಲ್ಲಿದೆ, ಕಲ್ಲು ಒಡೆದವರ ಹೆಸರು ನಿಲ್ದಾಣದ ಯಾವ ಗೋಡೆಯ ಮೇಲೂ ನಮಗೆ ಕಂಡಿಲ್ಲ. ನಮ್ಮ ತಲೆಯ ಮೇಲಿನ ಹೆಂಚನ್ನೇ ನೋಡಿ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಮತಾಂತರವಾಗಿ ಜಾತಿಯಿಂದ ಹೊರಬಿದ್ದು ಕಸುಬು ಕಳಕೊಂಡವರಿಗೆ ಅಲ್ಲಿ ಕೆಲಸ ಸಿಕ್ಕಿತು. ಧರ್ಮ, ಜಾತಿ, ಕೂಲಿ ಮೂರೂ ಒಂದೇ ಹೆಂಚಿನಲ್ಲಿ ಸುಟ್ಟಿವೆ. ಇದು ಯಾರ ಚರಿತ್ರೆ? ನಮ್ಮದಲ್ಲವೇ?

ಕಾನೂನಿನ ಮಾತಿಗೆ ಬರೋಣ. ಇಂಗ್ಲೆಂಡಿನಲ್ಲಿ 1833ರ ತನಕ ಹಲವು ಬಟ್ಟೆ ಗಿರಣಿಗಳಲ್ಲಿ 9 ವರ್ಷ ತುಂಬದ ಮಕ್ಕಳನ್ನೂ ದುಡಿಸಬಹುದಿತ್ತು. ಹೆಂಗಸರು ಭೂಮಿಯೊಳಗಿನ ಗಣಿಗೆ ಇಳಿಯುವುದು 1842ರ ಕಾಯ್ದೆಯಿಂದ ನಿಂತಿತು. ನಮ್ಮ ದೇಶದ 1881ರ ಕಾರ್ಖಾನೆ ಕಾಯ್ದೆ ತಡೆದದ್ದು 7 ವರ್ಷದೊಳಗಿನ ಮಕ್ಕಳನ್ನು ಮಾತ್ರ. 7ರಿಂದ 12ರ ಮಕ್ಕಳು ದಿನಕ್ಕೆ 9 ಗಂಟೆ ದುಡಿಯಬಹುದಿತ್ತು. ವಾರಕ್ಕೆ 48 ಗಂಟೆಯ ಮಿತಿ ಕಾರ್ಖಾನೆಗಳಿಗೆ ಬಂದದ್ದು 1946ರಲ್ಲಿ. ತೋಟದ ಕಾರ್ಮಿಕರಿಗೆ ಮನೆ, ಔಷಧಿ, ಕೂಸಿನ ಮನೆ, ಶಾಲೆ ಎಂದು ಹೇಳಿದ ಕಾಯ್ದೆ 1951ರದು. ಆ ಕಾಯ್ದೆಯನ್ನು ಈಗ 2020ರ ಹೊಸ ಸಂಹಿತೆಯೊಳಗೆ ಸೇರಿಸಿದ್ದಾರೆ. ಅದು 2025ರ ನವೆಂಬರದಲ್ಲಿ ಜಾರಿಗೆ ಬಂತು. ಹಳೆಯದರಲ್ಲಿ ಏನಿತ್ತು, ಅದು ಯಾಕೆ ಬಂತು ಎಂದು ತಿಳಿಯದವನು ಹೊಸದರಲ್ಲಿ ಏನು ಉಳಿಯಿತು, ಏನು ಜಾರಿತು ಎಂದು ಹೇಗೆ ಕೇಳುತ್ತಾನೆ? ಚರಿತ್ರೆ ಗೊತ್ತಿಲ್ಲದಿದ್ದರೆ ಹಕ್ಕು ನಮಗೆ ದೊರೆಯ ದಯೆಯ ಹಾಗೆ ಕಾಣುತ್ತದೆ. ದಯೆಯನ್ನು ಯಾವಾಗ ಬೇಕಾದರೂ ಹಿಂದಕ್ಕೆ ತೆಗೆದುಕೊಳ್ಳಬಹುದು.

ಮೂರನೆಯದು, ಇಂಗ್ಲಿಷ್ ಕಾದಂಬರಿ ದೊರೆಗಳ ಓದು ಎಂಬ ಮಾತು. ಇದು ನಮಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಆ ಪೆಟ್ಟಿಗೆಯಿಂದ ಒಂದು ಪುಸ್ತಕವನ್ನು ನಾವು ಕೇಳದೇ ಮನೆಗೆ ಒಯ್ದೆವು, ಅದನ್ನೂ ಒಪ್ಪಿಕೊಳ್ಳುತ್ತೇವೆ. ಚಾರ್ಲ್ಸ್ ಡಿಕನ್ಸ್ 1854ರಲ್ಲಿ ಬರೆದ 'ಹಾರ್ಡ್ ಟೈಮ್ಸ್'. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಮೂರು ತಿಂಗಳು ಓದಿದೆವು.

ಡಿಕನ್ಸ್ ದೊರೆಯ ಮಗನಲ್ಲ. 1824ರಲ್ಲಿ ಅವನ ತಂದೆಯನ್ನು ಸಾಲಕ್ಕಾಗಿ ಜೈಲಿಗೆ ಹಾಕಿದರು. 12 ವರ್ಷದ ಹುಡುಗ ಲಂಡನ್ನಿನ ಬೂಟ್‌ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸಿ ವಾರಕ್ಕೆ 6 ಶಿಲಿಂಗ್ ತಂದ. ಅವನು ಬರೆದ ಗಿರಣಿಯೂರಿನಲ್ಲಿ ಗ್ರ್ಯಾಡ್‌ಗ್ರೈಂಡ್ ಎಂಬ ದೊಡ್ಡ ಮನುಷ್ಯನಿದ್ದಾನೆ. ಮಕ್ಕಳಿಗೆ ಬರೀ ಲೆಕ್ಕ, ಬರೀ ಉಪಯೋಗದ ವಿಷಯ ಕಲಿಸಬೇಕು, ಬೆರಗು ಪಡಲು ಬಿಡಬಾರದು ಎನ್ನುವವನು. ಅವನ ಮಕ್ಕಳು ನಕ್ಷತ್ರಪುಂಜವನ್ನು ಪಾಠದ ಹಾಗೆ ಬಿಡಿಸಿ ಹೇಳಬಲ್ಲರು, ಆದರೆ ನಕ್ಷತ್ರವನ್ನು ಕಂಡು ಒಂದು ಮಕ್ಕಳ ಪದ್ಯ ಹಾಡಿದವರಲ್ಲ. ಆ ಊರಿನಲ್ಲೂ ಒಂದು ಓದುವ ಕೋಣೆ ಇದೆ. 15 ಗಂಟೆ ದುಡಿದು ಬಂದ ಕೆಲಸಗಾರರು ಅಲ್ಲಿ ಕೂತು ತಮ್ಮಂಥ ಗಂಡಸರು ಹೆಂಗಸರ ಕಥೆ ಓದುತ್ತಾರಲ್ಲ ಎಂದು ಗ್ರ್ಯಾಡ್‌ಗ್ರೈಂಡನಿಗೆ ತಲೆಬಿಸಿ. ಓದುತ್ತಾ ಓದುತ್ತಾ ನಾವು ಪುಸ್ತಕ ಮಡಚಿ ನಕ್ಕುಬಿಟ್ಟೆವು. ಇದು ನಮ್ಮ ಸಮಿತಿಯ ಸಭೆಯೇ!

ಡಿಕನ್ಸ್ ಬರೆದದ್ದೆಲ್ಲ ನಮಗೆ ಒಪ್ಪಿಗೆಯಿಲ್ಲ. ಅವನು ಚಿತ್ರಿಸಿದ ಯೂನಿಯನ್ ಭಾಷಣಕಾರ ಬರೀ ಗಂಟಲಿನ ಮನುಷ್ಯ. ಸಂಘಕ್ಕೆ ಸೇರದ ನೇಕಾರ ಸ್ಟೀಫನ್ನನನ್ನು ಜೊತೆಗಾರರು ದೂರ ಇಡುತ್ತಾರೆ. ಅದೇ 1854ರಲ್ಲಿ ಡಿಕನ್ಸ್ ಪ್ರೆಸ್ಟನ್ ಊರಿಗೆ ಹೋಗಿ ಮುಷ್ಕರದಲ್ಲಿದ್ದ ನೇಕಾರರ ಶಿಸ್ತನ್ನು ಕಣ್ಣಾರೆ ಕಂಡು ಪತ್ರಿಕೆಯಲ್ಲಿ ಹೊಗಳಿದ್ದ. ಕಂಡ ಆ ಸತ್ಯವನ್ನು ಕಾದಂಬರಿಗೆ ಯಾಕೆ ತರಲಿಲ್ಲ ಎಂಬುದು ಅವನ ಮೇಲೆ ನಮ್ಮ ಜಗಳ. ಆದರೆ ಜಗಳ ಆಡಬೇಕಾದರೂ ಓದಬೇಕಷ್ಟೆ? ಹೊಗಳಿಕೆ ಮಾತ್ರ ಓದುವ ಯೂನಿಯನ್ ಬಲವಾಗುವುದಿಲ್ಲ. ಕನ್ನಡದಲ್ಲೇ ನೋಡಿ. ಶಿವರಾಮ ಕಾರಂತರ 'ಚೋಮನ ದುಡಿ' 1933ರದು. ಕಾಫಿ ತೋಟದ ಸಾಲ ತೀರಿಸಲು ಹೋದ ಚೋಮನ ಮಕ್ಕಳ ಗತಿ ಏನಾಯಿತು, ಕ್ರೈಸ್ತ ಹೆಸರಿನ ತೋಟದವರು ಅವನ ಮಗಳಿಗೆ ಏನು ಮಾಡಿದರು ಎಂದು ಅದರಲ್ಲಿದೆ. ಓದಿದರೆ ನಮಗೆ ನಾಚಿಕೆಯಾಗುತ್ತದೆ, ಆಗಲಿ.

ತಲೆಗೆ ಹತ್ತುವುದಿಲ್ಲ ಎಂದಿರಲ್ಲ? ಮ್ಯಾಂಚೆಸ್ಟರಿನ ಒಬ್ಬ ಸಭಾಪಾಲಕರ ಹೆಂಡತಿ ಎಲಿಜಬೆತ್ ಗ್ಯಾಸ್ಕೆಲ್ ಎಂಬ ತಾಯಿ 1848ರಲ್ಲಿ 'ಮೇರಿ ಬಾರ್ಟನ್' ಬರೆದರು. ಮಗ್ಗದ ಮೇಲೆ ನ್ಯೂಟನ್ನನ ಗ್ರಂಥ ತೆರೆದಿಟ್ಟುಕೊಂಡು ಲಾಳಿ ಎಸೆಯುತ್ತಾ ಓದುತ್ತಿದ್ದ ಬಡ ನೇಕಾರರ ಮಾತು ಅದರಲ್ಲಿ ಬರುತ್ತದೆ. ಮತ್ತೆ, ಇಂಗ್ಲಿಷೇ ಬೇಕೆಂದಿಲ್ಲ. ಕಾರಂತರು 'ವಿಜ್ಞಾನ ಪ್ರಪಂಚ' ಬರೆದರು. 1926ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಗಣಿತದ ಮೇಷ್ಟ್ರು ಜಿ.ಟಿ. ನಾರಾಯಣರಾಯರು 'ನಕ್ಷತ್ರ ವೀಕ್ಷಣೆ' ಬರೆದರು. ಕಾಫಿ ತೋಟಗಳ ಕೊಡಗಿನವರು ಅವರು. ಅಲ್ಲಿಯ ಲೈನುಗಳ ಮೇಲಿನ ಆಕಾಶವೇ ನಮ್ಮ ಲೈನಿನ ಮೇಲೂ ಇದೆ.

ಕಾದಂಬರಿಯ ಕೊನೆಯಲ್ಲಿ ಸ್ಟೀಫನ್ ಕತ್ತಲಲ್ಲಿ ನಡೆದು ಬರುವಾಗ ಬಿಟ್ಟುಹೋದ ಹಳೇ ಗಣಿಗುಂಡಿಗೆ ಬೀಳುತ್ತಾನೆ. ಬೇಲಿಯಿಲ್ಲ, ಗುರುತಿಲ್ಲ. 2012ರಲ್ಲಿ, ಮತ್ತೆ 2018ರಲ್ಲಿ ಗಣಿ ನಿಂತ ಮೇಲೆ ನೀರು ತುಂಬಿ ನಿಂತ ಗುಂಡಿಗಳನ್ನು ಕಂಡ ಗೋವೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಳಗೆ ಮೈ ಮುರಿದು ಬಿದ್ದವನಿಗೆ ಗುಂಡಿಯ ಬಾಯಲ್ಲಿ ಒಂದು ನಕ್ಷತ್ರ ಕಾಣುತ್ತದೆ. ಅದನ್ನೇ ನೋಡುತ್ತಾ ಅವನ ಮನಸ್ಸು ತಿಳಿಯಾಗುತ್ತದೆ. ಬೆತ್ಲೆಹೇಮಿನ ದಾರಿ ತೋರಿದ ನಕ್ಷತ್ರ ಇದೇ ಇರಬೇಕು ಎಂದುಕೊಳ್ಳುತ್ತಾನೆ. ನಕ್ಷತ್ರ, ಗಣಿ, ಕಥೆ, ವಿಶ್ವಾಸ ನಾಲ್ಕೂ ಆ ಗುಂಡಿಯ ತಳದಲ್ಲಿ ಒಂದಾಗಿವೆ. ನಮ್ಮ ಸಮಿತಿ ಮಾತ್ರ ಬೇರೆ ಬೇರೆ ಮಾಡಿ ಮೂರನ್ನೂ ಬೇಡ ಎಂದಿತು.

ನಮ್ಮ ಬೇಡಿಕೆ ಸಣ್ಣದು. ಪೆಟ್ಟಿಗೆ ಬೆಂಚಿನ ಕೆಳಗಿಂದ ಹೊರಗೆ ಬರಲಿ, ಪುಸ್ತಕಗಳು ಕಪಾಟು ಸೇರಲಿ, ಮನೆಗೆ ಒಯ್ಯಲು ಒಂದು ರಿಜಿಸ್ಟರು ಇರಲಿ. ಯೂನಿಯನ್ ನಿಧಿಯಿಂದ ವರ್ಷಕ್ಕೆ ನಾಲ್ಕು ಕನ್ನಡ ಪುಸ್ತಕ ಕೊಳ್ಳಲಿ. ಭಾನುವಾರ ಸಂಜೆ ಒಂದು ಗಂಟೆ ಜೋರಾಗಿ ಓದುವ ಕ್ರಮ ಇರಲಿ. ಶಾಲೆಯಲ್ಲಿ ಇಂಗ್ಲಿಷ್ ಕಲಿತ ನಮ್ಮ ಮಕ್ಕಳು ಓದಿ ಅಪ್ಪ ಅಮ್ಮಂದಿರಿಗೆ ಕನ್ನಡದಲ್ಲಿ ಹೇಳಲಿ. ಆ ಗಂಟೆಯನ್ನು ಹೆಂಗಸರು ನೀರು ಹಿಡಿಯುವ ಹೊತ್ತಿಗೆ ಇಡಬೇಡಿ. ಮಳೆ ಬಿಟ್ಟ ಒಂದು ರಾತ್ರಿ ಟ್ಯೂಬ್‌ಲೈಟು ಆರಿಸಿ ಎಲ್ಲರೂ ಅಂಗಳದಲ್ಲಿ ನಿಂತು ಮೇಲೆ ನೋಡೋಣ.

ಆ ಹುಡುಗಿಯ ಮನೆಗೆ ನಾವು ಹೋಗಿದ್ದೆವು. ಪುಸ್ತಕ ಕಿತ್ತುಕೊಂಡಾಗ ಸುಮ್ಮನಿದ್ದದ್ದು ತಪ್ಪಾಯಿತು ಮಗಳೇ ಎಂದೆವು. ಅವಳು ಬೇರೆ ಏನೂ ಹೇಳಲಿಲ್ಲ. ನಾನು ಅರ್ಧ ನೋಡಿದ ಪುಟ ಯಾವುದು ಎಂದು ನಿಮಗೆ ನೆನಪಿದೆಯಾ ಉಪದೇಶಿ ಮಾಮ ಎಂದು ಕೇಳಿದಳು. ನಮಗೆ ನೆನಪಿರಲಿಲ್ಲ. ಬರುವ ತಿಂಗಳು ಸಮಿತಿ ಕೂತಾಗ ಅವಳೇ ಹುಡುಕಿಕೊಳ್ಳಲಿ.