ಯಾರ ಮೂಗು ಅಳೆಯೋಣ?

ಪುಣಜನೂರು ಚೆಕ್‌ಪೋಸ್ಟ್ ಹತ್ತಿರ ಟೀ ಕುಡಿಯುತ್ತಾ ನಿಂತಿದ್ದೆವು, ನಾವು ನಾಲ್ಕು ಜನ. ದಿಂಬಂ ಘಾಟಿಯ ಇಪ್ಪತ್ತೇಳು ಹೇರ್‌ಪಿನ್ ತಿರುವುಗಳಿಗಾಗಿ ಬೆಂಗಳೂರಿಂದ ಬಂದವರು. ಪಕ್ಕದಲ್ಲಿ ಸೋಲಿಗರ ಹಿರಿಯರೊಬ್ಬರು ಬಸ್ಸಿಗೆ ಕಾಯುತ್ತಿದ್ದರು. "ಎಲ್ಲಿಂದ ಬಂದ್ರಿ?" ಅಂದರು. "ಬೆಂಗಳೂರು" ಅಂದೆವು. "ಜ್ವಾಪಾನ ಕನ್ರಪ್ಪ, ಮುಂದ ಆನೆ ಇರ್ತವ" ಅಂತ ಹೇಳಿ ಬಸ್ ಹತ್ತಿದರು.

ಬಸ್ ಹೊರಟಿದ್ದೇ ತಡ, ಗೆಳೆಯನೊಬ್ಬ ಶುರು ಮಾಡಿದ: "ಅವರ ಫೀಚರ್ಸ್ ನೋಡ್ದಾ? ಪಕ್ಕಾ ಆಫ್ರಿಕನ್ ಒರಿಜಿನ್ ಗುರೂ." ಇವನು ಹಿಂದಿನ ತಿಂಗಳಷ್ಟೇ ಟ್ಯೂಬಿಗೆ ಉಗುಳಿ ಕೊರಿಯರ್ ಮಾಡಿ, ತನ್ನ ಪೂರ್ವಿಕರ ಪೈ ಚಾರ್ಟ್ ತರಿಸಿಕೊಂಡಿದ್ದ ಆಸಾಮಿ. ನಾನು ನಕ್ಕು ಸುಮ್ಮನಾದೆ. ಆ ನಗುವಿಗೆ ಈಗ ನಾಚಿಕೆಯಾಗುತ್ತೆ. ಅವತ್ತು ಹೇಳಬೇಕಿದ್ದನ್ನು ಇಲ್ಲಿ ಹೇಳ್ತೀನಿ.

ಗೆಳೆಯಾ, ನಿನ್ನ ಈ ಮಾತಿಗೆ ನೂರು ವರ್ಷ ದಾಟಿದೆ. 1901ರ ಜನಗಣತಿಯ ಕಮಿಷನರ್ ಆಗಿದ್ದ ಹರ್ಬರ್ಟ್ ರಿಸ್ಲೆಗೆ ಒಂದು ಸೂತ್ರ ಬಲು ಪ್ರಿಯ. ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಬಂದ ಸಂಖ್ಯೆ ಕಡಿಮೆಯಾದಷ್ಟೂ ಜಾತಿ ಮೇಲೆ, ಹೆಚ್ಚಾದಷ್ಟೂ ಕೆಳಗೆ! ಮದರಾಸು ಮ್ಯೂಸಿಯಂನ ಎಡ್ಗರ್ ಥರ್ಸ್ಟನ್ ಕ್ಯಾಲಿಪರ್ ಹಿಡಿದು ಊರೂರು ಸುತ್ತಿದ. 1909ರಲ್ಲಿ ಅವನ ಏಳು ಸಂಪುಟಗಳು ಬಂದವು. ಅದರಲ್ಲಿ ಸೋಲಿಗರೂ ಇದ್ದಾರೆ: ಸರಾಸರಿ ಎತ್ತರ 159.3 ಸೆಂಟಿಮೀಟರ್, ಮೂಗಿನ ಸೂಚ್ಯಂಕ 85.1. ಒಂದು ಜನಾಂಗಕ್ಕೆ ದಶಾಂಶ ಬಿಂದುವಿನ ಸಮೇತ ಷರಾ ಬರೆದಾಯ್ತು.

ಇದೇ ಕ್ಯಾಲಿಪರ್ ರಜಪೂತರ ಮೂಗಿಗೂ ಹೋಗಿತ್ತು. 1829ರಲ್ಲಿ ಜೇಮ್ಸ್ ಟಾಡ್ ಅವರನ್ನು ಮಧ್ಯ ಏಷ್ಯಾದ ಶಕರಿಗೆ ಗಂಟು ಹಾಕಿದ್ದ. ವಿನ್ಸೆಂಟ್ ಸ್ಮಿತ್ ಹೂಣರ, ಗುರ್ಜರರ ಕಡೆ ಕೈ ತೋರಿಸಿದ. ರಿಸ್ಲೆ ಮೂಗು, ತಲೆ ಅಳೆದು, ಇಲ್ಲ, ಇವರು ಶುದ್ಧ ಆರ್ಯರು ಅಂತ ತೀರ್ಪು ಕೊಟ್ಟ. ಪಂಡಿತರ ಈ ಜಗಳದಿಂದ ರಜಪೂತ ಅರಸರಿಗೆ ಏನಾಯ್ತು? ಏನೂ ಆಗಲಿಲ್ಲ. ನೀವು ಹೊರಗಿನವರು, ಕೋಟೆ ಖಾಲಿ ಮಾಡಿ ಅಂತ ಯಾರೂ ಅನ್ನಲಿಲ್ಲ.

ಅಷ್ಟು ದೂರ ಯಾಕೆ, ನಮ್ಮ ಮೈಸೂರನ್ನೇ ತಗೊಳ್ಳಿ. ಒಡೆಯರ ಮೂಲಪುರುಷ ಯದುರಾಯರು ದ್ವಾರಕೆಯಿಂದ ಬಂದರು ಅನ್ನೋ ಕಥೆಯನ್ನು ಇತಿಹಾಸಕಾರರು ಪ್ರಶ್ನಿಸಿದ್ದಾರೆ. ಅದರಿಂದ ಒಡೆಯರ ಗೌರವ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ, ಆಗಬೇಕಾಗೂ ಇಲ್ಲ. ತಂದೆ ಹುಟ್ಟಿದ ಊರೆಂದು ಮುಮ್ಮಡಿ ಕೃಷ್ಣರಾಜರು ಅರಿಕುಠಾರಕ್ಕೆ ಚಾಮರಾಜನಗರ ಅಂತ ಹೆಸರಿಟ್ಟರು. ಇವತ್ತಿಗೂ ಅದೇ ಹೆಸರು. ಅರಸರಿಗೆ ಒಂದು ಕಥೆ ಸಾಕು.

ಸೋಲಿಗರಿಗೂ ಕಥೆ ಇದೆಯಲ್ಲ! ಮಾದಪ್ಪನ ಮಗ ಕಾರಯ್ಯ ಅವರ ಮೂಲಪುರುಷ. ಬಿಳಿಗಿರಿರಂಗ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು, ಅದಕ್ಕೇ ಅವರಿಗೆ ಅವನು ಭಾವ. ದೇವರನ್ನೇ ಭಾವ ಅಂತ ಕರೆಯುವ ಈ ಜನರ ಕಥೆ ಮಾತ್ರ ಜಾನಪದ. ಅವರ ಅಸಲಿ ಮೂಲ ಹುಡುಕಲು ಕ್ಯಾಲಿಪರ್ ಬೇಕು, ಈಗ ಉಗುಳಿನ ಟ್ಯೂಬು ಬೇಕು.

ಆ ಮೂಗಿನ ಶಾಸ್ತ್ರ ಸತ್ತು ಎಷ್ಟೋ ಕಾಲವಾಯ್ತು. ರಿಸ್ಲೆಯ ಮೂಗು-ಜಾತಿ ಲೆಕ್ಕ ದೇಶದ ಬಹುಪಾಲು ಕಡೆ ತಾಳೆಯಾಗೋದಿಲ್ಲ ಅಂತ ಜಿ.ಎಸ್. ಘುರ್ಯೆ 1932ರಲ್ಲೇ ತೋರಿಸಿದರು. ಮೂಗಿನ ಆಕಾರಕ್ಕೂ ಹವೆಗೂ ನಂಟಿದೆ ಅನ್ನೋದು ಗೊತ್ತಾಯ್ತು. ಇನ್ನು ಆಫ್ರಿಕಾದಿಂದ ಬಂದವರು ಅವರೊಬ್ಬರೇ ಏನು? ನೀನೂ ಅಲ್ಲಿಂದಲೇ ಬಂದವನು. ಪೈ ಚಾರ್ಟ್ ಕಳಿಸಿದ ಕಂಪನಿಯನ್ನೇ ಕೇಳಿ ನೋಡು.

ಶಾಸ್ತ್ರ ಸತ್ತರೂ ಅದರ ದೆವ್ವ ಫೈಲುಗಳಲ್ಲಿದೆ. ಪರಿಶಿಷ್ಟ ಪಂಗಡ ಅನ್ನಿಸಿಕೊಳ್ಳಲು 1965ರ ಲೋಕೂರ್ ಸಮಿತಿಯ ಐದು ಮಾನದಂಡಗಳೇ ಇನ್ನೂ ಅಳತೆಗೋಲು. ಮೊದಲನೆಯದು 'ಆದಿಮ ಲಕ್ಷಣ'. ಇನ್ನೊಂದು ಹೊರಗಿನವರೊಡನೆ ಬೆರೆಯಲು ಸಂಕೋಚ! ಅಂದರೆ ಮೊಬೈಲ್ ಹಿಡಿದು, ಜೀನ್ಸ್ ಹಾಕಿ, ಡಿಗ್ರಿ ಓದಿದ ಕಾಡಿನ ಹುಡುಗ ನಮ್ಮ ಕಣ್ಣಿಗೆ 'ಒರಿಜಿನಲ್' ಆಗಿ ಕಾಣೋದಿಲ್ಲ.

ಇದು ಬರೀ ಟೀ ಅಂಗಡಿ ಹರಟೆ ಅಲ್ಲ ಅನ್ನೋದು ಇದಕ್ಕೇ. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾದಾಗ ಸೋಲಿಗರನ್ನು ಕಾಡೊಳಗಿನ ಪೋಡುಗಳಿಂದ ಎಬ್ಬಿಸಿದರು. 2011ರಲ್ಲಿ ಅದು ಹುಲಿ ಮೀಸಲು ಪ್ರದೇಶವಾಯ್ತು. ಆದರೆ ಅದೇ ವರ್ಷ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳು ಸಮುದಾಯ ಹಕ್ಕು ಪಡೆದವು. ಹುಲಿ ಮೀಸಲಿನೊಳಗೆ ಹೀಗಾದದ್ದು ದೇಶದಲ್ಲೇ ಮೊದಲು. ಆ ಕಾಯ್ದೆ ಬುಡಕಟ್ಟಿನವರನ್ನು ಕೇಳೋದು ನೀವು ಯಾವ ಖಂಡದಿಂದ ಬಂದಿರಿ ಅಂತಲ್ಲ. 2005ರ ಡಿಸೆಂಬರ್ 13ಕ್ಕೆ ಮೊದಲಿಂದ ಇಲ್ಲಿ ಬಾಳುತ್ತಿದ್ದೀರಾ, ಈ ಕಾಡನ್ನೇ ನಂಬಿದ್ದೀರಾ ಅಂತ. ಇದು ನ್ಯಾಯವಾದ ಪ್ರಶ್ನೆ.

ಆ ಹಿರಿಯರೂ ನಮ್ಮನ್ನು ಕೇಳಿದ್ದರು, ಎಲ್ಲಿಂದ ಬಂದ್ರಿ ಅಂತ. ಒಂದು ಊರಿನ ಹೆಸರು ಹೇಳಿದೆವು. ಅವರಿಗೆ ಅಷ್ಟು ಸಾಕಾಯ್ತು, ಮುಂದಿನ ದಾರಿಯಲ್ಲಿ ಆನೆ ಇದೆ ಅಂತ ಎಚ್ಚರಿಸಿದರು. ನಮ್ಮ ಮೂಗಿನ ಕಡೆ ನೋಡಲೂ ಇಲ್ಲ.