ಗದ್ದದ ಕೆಳಗೇನಿದೆ, ಮೊದಲು ತಿಳಿಯೋಣ

ಗದ್ದದ ಕೆಳಗೊಂದು ಮಡಿಕೆ ಮೂಡುವುದು ರೋಗವಲ್ಲ. ಆದರೆ ಮೊಬೈಲ್ ಕ್ಯಾಮೆರಾ ಎಲ್ಲರ ಕೈಗೂ ಬಂದ ಮೇಲೆ, ಕೊರೊನಾ ಕಾಲದ ವಿಡಿಯೊ ಸಭೆಗಳಲ್ಲಿ ನಮ್ಮ ಮುಖವನ್ನು ನಾವೇ ಗಂಟೆಗಟ್ಟಲೆ ನೋಡುವಂತಾದ ಮೇಲೆ, ಈ ‘ಡಬಲ್ ಚಿನ್’ ಅನೇಕರ ನೆಮ್ಮದಿ ಕೆಡಿಸಿದೆ. ಚೆಂದ ಕಾಣಬೇಕೆಂಬ ಆಸೆಯನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ನನ್ನ ತಕರಾರಿರುವುದು ಈ ಆಸೆಯ ಸುತ್ತ ಬೆಳೆದಿರುವ ವ್ಯವಹಾರದ ಕ್ರಮದ ಬಗ್ಗೆ. ಇಲ್ಲಿ ಜಾಹೀರಾತು ಮೊದಲು ಬರುತ್ತದೆ, ಪ್ಯಾಕೇಜಿನ ದರ ಆಮೇಲೆ. ಮಡಿಕೆಗೆ ಕಾರಣವೇನೆಂಬ ಪ್ರಶ್ನೆ ಕೊನೆಗೆ ಉಳಿಯುತ್ತದೆ.

ವಾಸ್ತವವಾಗಿ ಆ ಪ್ರಶ್ನೆಯೇ ಮೊದಲಿನದಾಗಬೇಕು. ಕೆಲವರಲ್ಲಿ ಕೊಬ್ಬು ಚರ್ಮದ ಅಡಿಯಲ್ಲೇ ಇರುತ್ತದೆ. ಕೆಲವರಲ್ಲಿ ಅದು ಕುತ್ತಿಗೆಯ ಮುಂಭಾಗವನ್ನು ಆವರಿಸಿರುವ ಪ್ಲಾಟಿಸ್ಮಾ ಎಂಬ ತೆಳು ಸ್ನಾಯುವಿಗಿಂತಲೂ ಆಳದಲ್ಲಿರುತ್ತದೆ. ವಯಸ್ಸಾದವರಲ್ಲಿ ಕೊಬ್ಬಿಗಿಂತ ಹೆಚ್ಚಾಗಿ ಸಡಿಲಗೊಂಡ ಚರ್ಮವೇ ಜೋತುಬಿದ್ದಿರಬಹುದು. ಕೆಳದವಡೆ ಹಿಂದಕ್ಕೆ ಸರಿದಂತಿದ್ದರೆ ತೆಳ್ಳಗಿನವರಿಗೂ ಮಡಿಕೆ ಕಾಣುತ್ತದೆ. ಇದು ವಂಶಪಾರಂಪರ್ಯವಾಗಿ ಬರುವುದೂ ಉಂಟು. ಥೈರಾಯ್ಡ್ ಅಥವಾ ಜೊಲ್ಲುಗ್ರಂಥಿಯ ಊತವನ್ನು ಕೊಬ್ಬೆಂದು ತಪ್ಪಾಗಿ ತಿಳಿಯುವ ಸಾಧ್ಯತೆಯೂ ಇದೆ. ಇವೆಲ್ಲಕ್ಕೂ ಒಂದೇ ಮದ್ದು ಇರಲಾರದು.

ತೂಕ ಹೆಚ್ಚಿರುವವರು ಅದನ್ನು ಇಳಿಸಿದರೆ ಮಡಿಕೆಯೂ ತಗ್ಗಬಹುದು. ಆದರೆ ಕುತ್ತಿಗೆಯ ವ್ಯಾಯಾಮದಿಂದ ಆ ಜಾಗದ ಕೊಬ್ಬಷ್ಟೇ ಕರಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಇನ್ನು ಚುಚ್ಚುಮದ್ದಿನ ಮಾರ್ಗ. ಪಿತ್ತರಸದಲ್ಲಿರುವ ಡಿಆಕ್ಸಿಕೋಲಿಕ್ ಆಮ್ಲವನ್ನು ಗದ್ದದಡಿಯ ಕೊಬ್ಬಿಗೆ ಚುಚ್ಚುವ ಈ ಚಿಕಿತ್ಸೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲಿ ಅನುಮತಿ ನೀಡಿತು. ಕನಿಷ್ಠ ಒಂದು ತಿಂಗಳ ಅಂತರದಲ್ಲಿ ಗರಿಷ್ಠ 6 ಸಲ ಇದನ್ನು ನೀಡಬಹುದು. ಊತ, ನೋವು, ಮರಗಟ್ಟುವಿಕೆ ಸಾಮಾನ್ಯ. ದವಡೆಯಂಚಿನ ನರಕ್ಕೆ ಪೆಟ್ಟಾದರೆ ನಗು ಕೆಲಕಾಲ ಸೊಟ್ಟಗಾಗುವುದೂ ಉಂಟು.

ಕೊಬ್ಬನ್ನು ಶೀತದಿಂದ ನಾಶಪಡಿಸುವ ವಿಧಾನ ಇನ್ನೊಂದು. ಅಪರೂಪಕ್ಕೆ ಇದರಿಂದ ಕೊಬ್ಬು ಕರಗುವ ಬದಲು ಗಟ್ಟಿಯಾಗಿ ಬೆಳೆಯುತ್ತದೆ. ತಮಗೆ ಹೀಗೇ ಆಯಿತೆಂದು ಕೆನಡಾದ ಖ್ಯಾತ ರೂಪದರ್ಶಿ ಲಿಂಡಾ ಇವಾಂಜೆಲಿಸ್ಟಾ 2021ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಚಾಕು ಹಾಕುವುದಿಲ್ಲ ಎಂದಮಾತ್ರಕ್ಕೆ ಅಪಾಯವಿಲ್ಲ ಎಂದು ಅರ್ಥವಲ್ಲ.

ಶಸ್ತ್ರಚಿಕಿತ್ಸೆಯಲ್ಲಿ ಲೈಪೊಸಕ್ಷನ್ ಪ್ರಮುಖವಾದುದು. ಸಣ್ಣ ಗಾಯ ಮಾಡಿ, ನಳಿಕೆಯ ಮೂಲಕ ಕೊಬ್ಬನ್ನು ಹೀರಿ ತೆಗೆಯಲಾಗುತ್ತದೆ. ಚರ್ಮಕ್ಕೆ ಬಿಗಿತವಿರುವವರಲ್ಲಿ ಇದರ ಫಲ ಚೆನ್ನಾಗಿರುತ್ತದೆ. ಬಿಗಿತ ಕಳೆದುಕೊಂಡವರಲ್ಲಿ ಚರ್ಮ ಇನ್ನಷ್ಟು ಜೋತುಬೀಳಬಹುದು. ಅಂಥವರಿಗೆ ಸ್ನಾಯುವನ್ನು ಬಿಗಿಗೊಳಿಸಿ ಹೆಚ್ಚುವರಿ ಚರ್ಮವನ್ನು ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಗದ್ದವೇ ಚಿಕ್ಕದಾಗಿದ್ದರೆ ಕೊಬ್ಬು ತೆಗೆಯುವುದಕ್ಕಿಂತ ಗದ್ದದ ಮೂಳೆಯನ್ನು ಮುಂದಕ್ಕೆ ತರುವುದು ಹೆಚ್ಚು ಫಲಕಾರಿ ಆಗಬಹುದು.

ಇವೆಲ್ಲವೂ ‘ಸಣ್ಣ ಆಪರೇಷನ್’ ಎಂಬ ಮಾತನ್ನು ಎಚ್ಚರದಿಂದ ಕೇಳಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾದ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ಸಾವಿಗೀಡಾದರು. ಅದು ಗದ್ದದ ಚಿಕಿತ್ಸೆಯಾಗಿರಲಿಲ್ಲ, ನಿಜ. ಆದರೆ ಅರಿವಳಿಕೆ ನೀಡುವ ಯಾವುದೇ ಕಡೆ ಅರಿವಳಿಕೆ ತಜ್ಞರಿದ್ದಾರೆಯೇ, ತುರ್ತು ಚಿಕಿತ್ಸೆಯ ಸೌಲಭ್ಯವಿದೆಯೇ ಎಂದು ಕೇಳದೆ ಮುಂದುವರಿಯಬಾರದೆಂಬ ಎಚ್ಚರಿಕೆ ಅದರಲ್ಲಿದೆ.

ಹೀಗೆ ಕೇಳುವುದು ಉದ್ಧಟತನವಲ್ಲ, ಹಕ್ಕು. ಚಿಕಿತ್ಸೆಯ ಸ್ವರೂಪ, ಪರ್ಯಾಯ ಮಾರ್ಗ, ಅಪಾಯಗಳನ್ನು ತಿಳಿಸಿಯೇ ರೋಗಿಯ ಒಪ್ಪಿಗೆ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಖಾಸಗಿ ಚಿಕಿತ್ಸಾಲಯಗಳು ನೋಂದಣಿ ಮಾಡಿಸಬೇಕೆಂದು ರಾಜ್ಯದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆ. ಆರೋಗ್ಯ ಇಲಾಖೆಯು ದುರಂತದ ನಂತರ ಎಚ್ಚೆತ್ತುಕೊಳ್ಳುವ ಬದಲು, ಸೌಂದರ್ಯ ಚಿಕಿತ್ಸೆಯ ಕೇಂದ್ರಗಳಲ್ಲಿ ಯಾರು, ಯಾವ ಅರ್ಹತೆಯಿಂದ ಏನು ಮಾಡುತ್ತಿದ್ದಾರೆ ಎಂಬುದನ್ನು ನಿಯಮಿತವಾಗಿ ಪರಿಶೀಲಿಸಬೇಕು.

ಕೇವಲ ಅಂದಕ್ಕಾಗಿ ಮಾಡಿಸುವ ಇಂಥ ಚಿಕಿತ್ಸೆಗಳನ್ನು ಆರೋಗ್ಯ ವಿಮೆ ಸಾಮಾನ್ಯವಾಗಿ ಭರಿಸುವುದಿಲ್ಲ. ಹಣವೂ ನಮ್ಮದೇ, ದೇಹವೂ ನಮ್ಮದೇ. ಆದ್ದರಿಂದ ಪ್ಯಾಕೇಜಿಗೆ ಮುಂಗಡ ಕಟ್ಟುವ ಮುನ್ನ, ಅದನ್ನು ಮಾರುವ ಹಂಗಿಲ್ಲದ ವೈದ್ಯರೊಬ್ಬರಿಗೆ ಗದ್ದ ತೋರಿಸುವುದು ವಿವೇಕ. ‘ನಿಮಗೆ ಏನೂ ಬೇಡ’ ಎಂಬ ಉತ್ತರ ಬಂದರೆ, ಅದನ್ನೂ ಒಂದು ಒಳ್ಳೆಯ ಸಲಹೆಯೆಂದೇ ಸ್ವೀಕರಿಸಬೇಕು.