ನೆಲ ತಟ್ಟುವುದಕ್ಕೆ ನಾಚಿಕೆ ಏಕೆ?

ಬೆಂಗಳೂರಿನ ಕೆಲವು ಜಿಮ್‌ಗಳಲ್ಲಿ ಈಗ ಬ್ರೆಜಿಲಿಯನ್ ಜಿಯು-ಜಿತ್ಸು ಕಲಿಸುತ್ತಾರೆ. ಎರಡು ವರ್ಷದಿಂದ ನಾನೂ ಕಲಿಯುತ್ತಿದ್ದೇನೆ. ಗುದ್ದು, ಒದೆ ಇಲ್ಲದ ಕಲೆಯಾದ್ದರಿಂದ ಮನೆಯವರನ್ನು ಒಪ್ಪಿಸುವುದು ಸುಲಭ. ಆದರೆ ಪೆಟ್ಟು ಬೀಳುವುದಿಲ್ಲ ಎಂದಲ್ಲ, ಬೀಳುವ ಜಾಗ ಬೇರೆ. ನಮ್ಮ ಗರಡಿ ಮನೆಯ ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡಿದರೆ ಮುಗಿಯಿತು. ಇಲ್ಲಿ ಕತ್ತು ಒತ್ತಬೇಕು, ಇಲ್ಲವೇ ಮೊಣಕೈ, ಭುಜ, ಮೊಣಕಾಲನ್ನು ಅದು ಬಾಗದ ಕಡೆಗೆ ಬಾಗಿಸಬೇಕು. ಸಿಕ್ಕಿಬಿದ್ದವರು ನೆಲವನ್ನೋ ಎದುರಾಳಿಯ ಮೈಯನ್ನೋ ತಟ್ಟಿದರೆ ಆ ಕ್ಷಣವೇ ಪಟ್ಟು ಸಡಿಲಿಸಬೇಕು. ಇದೇ ‘ಟ್ಯಾಪ್’. ಮೂಳೆ, ಕೀಲುಗಳಿಗೆ ಇರುವ ರಕ್ಷಣೆ ಇದೊಂದೇ.

ದುರದೃಷ್ಟವೆಂದರೆ, ತಟ್ಟದವನೇ ಗಂಡಸು ಎಂಬ ಮಾತು ಹುಡುಗರ ನಡುವೆ ಚಾಲ್ತಿಯಲ್ಲಿದೆ. 1951ರಲ್ಲಿ ರಿಯೊ ಡಿ ಜನೈರೊದ ಮರಕಾನಾದಲ್ಲಿ ಜಪಾನಿನ ಜೂಡೊ ಪಟು ಮಸಾಹಿಕೊ ಕಿಮುರಾ, ಎಲಿಯೊ ಗ್ರೇಸಿಯ ತೋಳು ತಿರುಚಿದರು. ಗ್ರೇಸಿ ತಟ್ಟಲಿಲ್ಲ, ಅವರ ಕಡೆಯವರೇ ಟವೆಲ್ ಎಸೆದು ಪಂದ್ಯ ನಿಲ್ಲಿಸಿದರು. ಆ ಪಟ್ಟಿಗೆ ಇಂದಿಗೂ ‘ಕಿಮುರಾ’ ಎಂದೇ ಹೆಸರು. ಕಥೆ ಹೇಳುವವರೆಲ್ಲ ಗ್ರೇಸಿಯ ಛಲ ಹೊಗಳುತ್ತಾರೆ. ನನಗೇನೋ ಟವೆಲ್ ಎಸೆದವರೇ ಬುದ್ಧಿವಂತರಾಗಿ ಕಾಣುತ್ತಾರೆ.

ಎಲ್ಲಕ್ಕಿಂತ ಅಪಾಯಕಾರಿ ‘ಹೀಲ್ ಹುಕ್’. ಹಿಮ್ಮಡಿ ಹಿಡಿದು ತಿರುಚಿದರೆ ಬಲವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ನೋವು ತಿಳಿಯುವಷ್ಟರಲ್ಲಿ ಲಿಗಮೆಂಟ್ ಹರಿದಿರಬಹುದು. ಈ ಕ್ರೀಡೆಯ ದೊಡ್ಡ ಅಂತರರಾಷ್ಟ್ರೀಯ ಫೆಡರೇಷನ್ 2021ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿದ್ದೂ ಕಂದು, ಕಪ್ಪು ಬೆಲ್ಟ್‌ನ ವಯಸ್ಕರಿಗೆ, ಅದೂ ಸಮವಸ್ತ್ರವಾದ ‘ಗಿ’ ತೊಡದ ಪಂದ್ಯಗಳಲ್ಲಿ ಮಾತ್ರ. ನಮ್ಮಲ್ಲಿ ಮೂರು ತಿಂಗಳ ಬಿಳಿ ಬೆಲ್ಟ್‌ನವರು ಯೂಟ್ಯೂಬ್ ನೋಡಿ ಬಂದು ಪಕ್ಕದವನ ಕಾಲಿನ ಮೇಲೆ ಪ್ರಯೋಗಿಸುತ್ತಾರೆ!

ಮೊಣಕಾಲಿನ ಎಸಿಎಲ್ ಹರಿದು ಶಸ್ತ್ರಚಿಕಿತ್ಸೆಯಾದರೆ ಮತ್ತೆ ಆಟಕ್ಕಿಳಿಯಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು. ಕಾನ್‌ಸ್ಟೆಬಲ್ ಹುದ್ದೆಗೆ ಓಟ, ಉದ್ದ ಜಿಗಿತ ಅಭ್ಯಾಸ ಮಾಡುತ್ತಿರುವವರಿಗೆ ಅಷ್ಟರಲ್ಲಿ ಒಂದು ನೇಮಕಾತಿಯೇ ಕೈತಪ್ಪಬಹುದು. ವಯೋಮಿತಿ ಯಾರ ಮೊಣಕಾಲಿಗೂ ಕಾಯುವುದಿಲ್ಲ.

ಹೊಸಬರಿಗೆ ಕಾಲಿನ ಪಟ್ಟುಗಳನ್ನು ಕೋಚ್‌ಗಳು ಖಡಾಖಂಡಿತವಾಗಿ ನಿಷೇಧಿಸಬೇಕು. ಪಟ್ಟು ಹಾಕುವವರಿಗೂ ನಿಧಾನವಾಗಿ ಹಾಕುವುದನ್ನು ಕಲಿಸಬೇಕು. ಜರ್ಕ್ ಕೊಟ್ಟು ಎಳೆದರೆ ತಟ್ಟಲು ಸಮಯವೆಲ್ಲಿ? ಸೇರಬೇಕೆಂದಿರುವ ಗೆಳೆಯರು ಶುಲ್ಕ ಕಟ್ಟುವ ಮುನ್ನ ಒಂದು ಸಂಜೆ ಸುಮ್ಮನೆ ಕುಳಿತು ನೋಡಿ. ತಟ್ಟಿದವರನ್ನು ಕಂಡು ನಗುವ ಜಿಮ್ ಆಗಿದ್ದರೆ ಬೇರೆ ಕಡೆ ವಿಚಾರಿಸಿ.